ಬೂದುಗುಂಬಳದಷ್ಟು ತೂಕದ ಲೆನ್ಸು

ಕ್ಯಾಮೆರಾ ಮೊದಲು ನನ್ನ ಅಣ್ಣನದಾಗಿತ್ತು. ಮೈಸೂರಿನಲ್ಲಿರುವ ಅವನು ಹೊಸ ಫೋನು ಕೊಂಡ ಮೇಲೆ ಅದನ್ನು ಮುಟ್ಟುವುದನ್ನೇ ಬಿಟ್ಟಿದ್ದ. ಒಂದು ಸಲ ಹಬ್ಬಕ್ಕೆ ಹೋದಾಗ ಬ್ಯಾಗಿನ ಸಮೇತ ನನ್ನ ಕೈಗಿಟ್ಟು, "ಇಲ್ಲಿ ಸುಮ್ನೆ ಧೂಳು ತಿಂತಾ ಕೂತಿದೆ, ನೀನೇ ತಗೊಂಡೋಗು" ಅಂದ. ನಾನು ಗುಂಡ್ಲುಪೇಟೆಗೆ ತಂದು ಬೀರುವಿನ ಮೇಲಿಟ್ಟೆ. ಅಲ್ಲಿ ಅದು ಎರಡು ವರ್ಷ ಧೂಳು ತಿಂದಿತು. ಊರು ಬದಲಾಯಿತೇ ಹೊರತು ಊಟ ಬದಲಾಗಲಿಲ್ಲ.

ಅದು ಬೀರುವಿನಿಂದ ಕೆಳಗಿಳಿಯಲು ಕಾರಣ ನನ್ನ ಗೆಳತಿ. ನಾನು ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ದಿನವೂ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಗೆಳತಿಯದು ನನ್ನ ಪಕ್ಕದ ಮೇಜು. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ಅವಳು, "ನಮ್ಗೆಲ್ಲ ನಲವತ್ತೈದು ದಾಟ್ತು ಕಣೆ. ಮಂಡಿ ಕೈಕೊಡೋಕೆ ಮುಂಚೆ ಒಂದು ದೊಡ್ಡ ಬೆಟ್ಟ ಹತ್ಬುಡನ" ಅಂದಳು. ಬೆಟ್ಟವನ್ನೂ ಅವಳೇ ಆರಿಸಿದ್ದಳು: ಕೊಡಗಿನ ತಡಿಯಂಡಮೋಳ್. ಕಚೇರಿಯ ಐದು ಜನ ಹೆಂಗಸರು, ಎರಡು ದಿನ ರಜೆ, ಒಂದು ರಾತ್ರಿ ಹೋಂಸ್ಟೇ, ಮಾರನೆಯ ಬೆಳಿಗ್ಗೆ ಹತ್ತುವುದು. ಯಾರ ಗಂಡನೂ ಬರಕೂಡದು ಎಂಬುದೊಂದೇ ಅವಳ ನಿಯಮ.

"ಫೋಟೋ ಜವಾಬ್ದಾರಿ ನಿಂದು. ನಿನ್ನತ್ರ ದೊಡ್ಡ ಕ್ಯಾಮೆರಾ ಅದೆ ತಾನೆ" ಎಂದೂ ಹೇಳಿದಳು.

ಅವತ್ತು ಸಂಜೆ ಕ್ಯಾಮೆರಾ ಒರೆಸಿ, ಬ್ಯಾಟರಿ ತುಂಬಿಸಿ ತಾರಸಿಗೆ ಹೋದೆ. ನಮ್ಮ ತಾರಸಿಯಿಂದ ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ. ಬರಿಗಣ್ಣಿಗೆ ಅದು ಬೆಟ್ಟವೇ. ಆದರೆ ಕ್ಯಾಮೆರಾದ ಜೊತೆ ಬಂದಿದ್ದ ಚಿಕ್ಕ ಲೆನ್ಸಿನಲ್ಲಿ ನೋಡಿದರೆ ಪಕ್ಕದ ಮನೆಯ ನೀರಿನ ಟ್ಯಾಂಕು ಬೆಟ್ಟದಷ್ಟು, ಬೆಟ್ಟ ಇರುವೆ ಗೂಡಿನಷ್ಟು. ಕೊಡಗಿನವರೆಗೆ ಹೋಗಿ ಇರುವೆ ಗೂಡುಗಳ ಫೋಟೋ ತರುವುದು ನನಗೆ ಇಷ್ಟವಿರಲಿಲ್ಲ. ಜೂಮ್ ಲೆನ್ಸು ಬೇಕೆಂದು ಅಲ್ಲೇ ನಿಶ್ಚಯಿಸಿದೆ.

ನಮ್ಮೂರಿನಲ್ಲಿ ಮದುವೆ, ನಾಮಕರಣಗಳ ಫೋಟೋ ತೆಗೆಯುವ ಸ್ಟುಡಿಯೋದವರೊಬ್ಬರು ಲೆನ್ಸುಗಳನ್ನು ಬಾಡಿಗೆಗೂ ಕೊಡುತ್ತಾರೆ. ಅಂಗಡಿ ಹೆದ್ದಾರಿಯ ಪಕ್ಕದಲ್ಲೇ. ನಾನು ವಿಷಯ ಹೇಳಿದ ಕೂಡಲೇ ಅವರು ನನ್ನ ಕ್ಯಾಮೆರಾ ತಿರುಗಿಸಿ ನೋಡಿ, "ನಿಮ್ದೂ ನಮ್ದೂ ಒಂದೇ ಕಂಪ್ನಿ ಮೇಡಂ, ಯಾವ್ದಾದ್ರೂ ಕೂರ್ತದೆ" ಎಂದು ಎರಡು ಲೆನ್ಸುಗಳನ್ನು ಗಾಜಿನ ಮೇಲಿಟ್ಟರು. ಒಂದು ಎಪ್ಪತ್ತರಿಂದ ಮುನ್ನೂರರದು, ಇನ್ನೊಂದು ನೂರೈವತ್ತರಿಂದ ಆರುನೂರರದು. ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ, ಅಷ್ಟು ತಿಳಿದರೆ ಸಾಕು ಎಂದರು. ಮೊದಲನೆಯದು ನೀರಿನ ಲೋಟದಷ್ಟಿತ್ತು. ಎರಡನೆಯದನ್ನು ಅವರು ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡು ಕೈಯಲ್ಲಿ ಎತ್ತಿ ತಂದಿದ್ದರು.

"ಇದ್ನ ಬಂಡೀಪುರದ ಹುಲಿಗೆ ಅಂತ ತಗಂಡೆ" ಅಂದರು.

"ಹುಲಿ ಸಿಕ್ತಾ?"

"ಬಾಲ ಸಿಕ್ತು. ಆಮೇಲಿಂದ ಮದ್ವೆಗೆ ಬಳಸ್ತಾ ಇವ್ನಿ. ಛತ್ರದ ಬಾಗ್ಲಲ್ಲಿ ನಿಂತ್ಕಂಡ್ರೆ ಧಾರೆ ಹೊತ್ನಲ್ಲಿ ಹೆಣ್ಣಿನ ಕಣ್ಣೀರು ಒಂದೊಂದೂ ಲೆಕ್ಕ ಸಿಕ್ತದೆ."

ದೊಡ್ಡದನ್ನು ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸಿ, ಬಾಗಿಲಲ್ಲಿ ಒಂದು ಸ್ಟ್ಯಾಂಡಿನ ಮೇಲಿಟ್ಟು ನೋಡಲು ಹೇಳಿದರು. ಕಣ್ಣಿಟ್ಟೆ. ಹೆದ್ದಾರಿಯಾಚೆಯ ಹೋಟೆಲಿನ ಒಳಗೋಡೆಯಲ್ಲಿ ತೂಗುಹಾಕಿದ್ದ ಕ್ಯಾಲೆಂಡರು ಮುಖಕ್ಕೆ ಬಡಿಯುವಷ್ಟು ಹತ್ತಿರ ಬಂತು. ಹಿಂದಿನ ತಿಂಗಳ ಹಾಳೆಯನ್ನು ಇನ್ನೂ ಹರಿದಿರಲಿಲ್ಲ. ಕೇರಳದ ಕಡೆ ಹೊರಟಿದ್ದ ಈರುಳ್ಳಿ ಲಾರಿಯ ಚಾಲಕನ ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಅಡಿಕೆ ಚೂರು ಕಂಡಿತು. ಕಣ್ಣಿಗೆ ಕಾಲು ಬಂದ ಹಾಗಾಯಿತು. ನಲವತ್ತಾರು ವರ್ಷ ಈ ರಸ್ತೆಯನ್ನು ನೋಡಿದವಳು ಅವತ್ತು ಅರ್ಧ ಗಂಟೆ ಅಲ್ಲೇ ನಿಂತಿದ್ದೆ. ಆಮೇಲೆ ಚಿಕ್ಕದನ್ನು ಹಾಕಿ ನೋಡಿದರೆ ಕ್ಯಾಲೆಂಡರು ಕ್ಯಾಲೆಂಡರಾಗಿಯೇ ಇತ್ತು, ಹಾಳೆಯ ಮೇಲಿನ ತಾರೀಖು ಮಾತ್ರ ಓದಲಾಗಲಿಲ್ಲ. ಮನಸ್ಸು ಆಗಲೇ ದೊಡ್ಡದರ ಕಡೆ ಹೋಗಿಬಿಟ್ಟಿತ್ತು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರದು ತರಕಾರಿ ಮಂಡಿ. ದಿನವೆಲ್ಲ ಮೂಟೆ ತೂಗಿ ಲಾರಿಗೆ ಹಾಕಿಸುವ ಮನುಷ್ಯ. ಮೊದಲ ಪ್ರಶ್ನೆ ಅವರು ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು.

"ಎಷ್ಟ್ ಕೇಜಿ?"

"ಹತ್ತತ್ರ ಎರಡು."

"ಅಲ್ಲ ಕಣಮ್ಮಿ, ಬಸ್‌ಸ್ಟ್ಯಾಂಡಿಂದ ಒಂದ್ ಕೇಜಿ ಸಕ್ರೆ ತರಕ್ಕೆ ಸ್ಕೂಟ್ರು ತತ್ತಾ ಅಂತ ಫೋನ್ ಮಾಡೋಳು ನೀನು. ಎಲ್ಡ್ ಕೇಜಿ ಒತ್ಕಂಡು ಬೆಟ್ಟ ಅತ್ತೀಯಾ?"

"ಸಕ್ಕರೆ ಬೇರೆ, ಇದು ಬೇರೆ."

"ತಕ್ಕಡಿಗೆ ಎಲ್ಲಾ ಒಂದೇಯ."

ಹತ್ತಿಯೇ ಹತ್ತುತ್ತೇನೆ ಅಂದೆ. ಅವರು ಜಗಳಕ್ಕೆ ಬರಲಿಲ್ಲ. ಮಾರನೆಯ ದಿನ ಮಂಡಿಯಿಂದ ಒಂದು ಬೂದುಗುಂಬಳಕಾಯಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಉದ್ದಕ್ಕೆ, ಒಂದು ಕಡೆ ಸ್ವಲ್ಪ ಸಣ್ಣಗಿದ್ದು, ನೋಡಲಿಕ್ಕೂ ಹೆಚ್ಚುಕಡಿಮೆ ಆ ಲೆನ್ಸಿನ ಹಾಗೇ ಇತ್ತು. ಹತ್ತಾರು ಕಾಯಿ ತೂಗಿ ಆರಿಸಿದ್ದರಂತೆ.

"ಸರ್ಯಾಗಿ ಎಲ್ಡ್ ಕೇಜಿಗೆ ಐವತ್ತು ಗ್ರಾಮ್ ಕಮ್ಮಿ. ಇದ್ನ ಒಂದ್ ವಾರ ಎಲ್ಲೋದ್ರೂ ಒತ್ಕಂಡೋಗು. ವಾರ ಆದ್ಮೇಲೂ ಅಗುರ ಅಂದ್ರೆ ಆ ಫಿರಂಗಿನೇ ತಗೊ. ನಾನೇನೂ ಅನ್ನಕುಲ್ಲ."

ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಈಗ ನೆನೆಸಿಕೊಂಡರೆ, ನಮ್ಮಿಬ್ಬರಲ್ಲಿ ಯಾರಿಗೂ ಒಂದು ಕ್ಷಣವೂ ಇದು ವಿಚಿತ್ರ ಅನ್ನಿಸಲಿಲ್ಲ. ಬಟ್ಟೆಯ ಚೀಲಕ್ಕೆ ಕಾಯಿಯನ್ನು ಹಾಕಿ, ಕ್ಯಾಮೆರಾ ಹಾಕಿಕೊಳ್ಳುವ ಹಾಗೆ ಕೊರಳಿಗೆ ಅಡ್ಡವಾಗಿ ತೂಗುಹಾಕಿಕೊಂಡು ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಚೀಲದ ಬಾಯಿ ಚಿಕ್ಕದು, ಕಾಯಿಯ ತಲೆ ಹೊರಗೇ ಇತ್ತು. ಕಂಡಕ್ಟರು ದಿನವೂ ನನ್ನನ್ನು ನೋಡುವವನು. ಹೆಂಗಸರ ಉಚಿತ ಟಿಕೆಟ್ ಹರಿದು ಕೊಡುತ್ತಾ ಕಾಯಿಯನ್ನೂ ನನ್ನನ್ನೂ ನೋಡಿದ.

"ಗೃಹಪ್ರವೇಶನಾ ಮೇಡಂ?"

"ಇಲ್ಲಪ್ಪ."

"ಹೊಸ ಗಾಡಿ ತಗಂಡ್ರಾ?"

"ಇಲ್ಲ, ಪ್ರಾಕ್ಟೀಸು."

ಎರಡು ಸೀಟು ಮುಂದೆ ಹೋದವನು ತಿರುಗಿ ಬಂದು, "ನಿಮ್ಗೇನೋ ಫ್ರೀ. ಕಾಯ್ಗೆ ಲಗೇಜ್ ಆಕ್ಬೇಕಾ ಅಂತ ಯೋಚ್ನೆ ಮಾಡ್ತಾ ಇವ್ನಿ" ಅಂದ. ಮುಖದಲ್ಲಿ ನಗುವಿರಲಿಲ್ಲ. ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡೆ. ತೆರಕಣಾಂಬಿಯಲ್ಲಿ ಹತ್ತಿದ ಒಬ್ಬ ಅಜ್ಜಿ ಪಕ್ಕದಲ್ಲಿ ಕೂತು, ಅದರ ಬೆನ್ನು ತಟ್ಟಿ ನೋಡಿ, "ಎಳೇದು ಕಣವ್ವ, ಮಜ್ಗೆ ಹುಳಿ ಮಾಡು, ಕೊಳೆಸ್ಬ್ಯಾಡ" ಎಂದು ಬುದ್ಧಿ ಹೇಳಿ ಚಾಮರಾಜನಗರದವರೆಗೂ ಮಾಡುವ ಕ್ರಮ ವಿವರಿಸಿದರು.

ಕಚೇರಿ ತಲುಪುವಷ್ಟರಲ್ಲಿ ನೀಲಿ ಚೂಡಿದಾರದ ಮುಂಭಾಗವೆಲ್ಲ ಬೂದಿ ಹತ್ತಿ, ಹೊಟ್ಟೆಗೆ ವಿಭೂತಿ ಬಳಿದುಕೊಂಡವಳ ಹಾಗೆ ಕಾಣುತ್ತಿದ್ದೆ. ಗೆಳತಿ ವಿಷಯ ಕೇಳಿ ಎಷ್ಟು ನಕ್ಕಳೆಂದರೆ ಡಬ್ಬಿಯ ಚಿತ್ರಾನ್ನ ಮೇಜಿನ ಮೇಲೆ ಚೆಲ್ಲಿತು. ಕಾಯಿಯನ್ನು ನನ್ನ ಮೇಜಿನ ಕೆಳಗೆ, ಹಳೆಯ ಕಡತಗಳ ಪಕ್ಕ ಇಟ್ಟೆ. ಮಂಗಳವಾರವೂ ತಂದೆ, ಬುಧವಾರವೂ ತಂದೆ. ಭುಜ ನೋಯುತ್ತಿತ್ತು. ಮನೆಯಲ್ಲಿ ಮಾತ್ರ ಹೇಳಲಿಲ್ಲ. ರಾತ್ರಿ ಗಂಡ ಟಿವಿ ನೋಡುತ್ತಿದ್ದಾಗ ಅಡುಗೆಮನೆಯಲ್ಲಿ ನೋವಿನೆಣ್ಣೆ ಹಚ್ಚಿಕೊಂಡು, ವಾಸನೆ ಏನು ಎಂದು ಕೇಳಿದ್ದಕ್ಕೆ ಸೊಳ್ಳೆ ಬತ್ತಿ ಅಂದೆ.

ಕಚೇರಿಯಲ್ಲಿ ಈ ಕಾಯಿ ಬೇರೆಯೇ ಒಂದು ಕೆಲಸ ಶುರುಮಾಡಿತ್ತು. ನಮ್ಮ ಸೂಪರಿಂಟೆಂಡೆಂಟರು ಒಳ್ಳೆಯ ಮನುಷ್ಯ. ದೇವರು, ದಿಂಡರು, ದೃಷ್ಟಿ, ಶಕುನ ಎಲ್ಲದರಲ್ಲೂ ಸಮಾನ ನಂಬಿಕೆ. ಆಗ ಅವರು ಮೈಸೂರಿಗೆ ವರ್ಗ ಕೇಳಿ ಕಾಯುತ್ತಿದ್ದರು. ಬುಧವಾರದಿಂದ ಅವರು ನನ್ನ ಮೇಜಿನ ಮುಂದೆ ಹಾದುಹೋಗುವುದನ್ನು ಬಿಟ್ಟು, ಗೋಡೆಯ ಪಕ್ಕ ಕುರ್ಚಿಗಳ ಸಂದಿಯಲ್ಲಿ ತೂರಿ ತಮ್ಮ ಕೋಣೆಗೆ ಹೋಗತೊಡಗಿದರು. ನಾನು ಗಮನಿಸಿರಲಿಲ್ಲ, ಗೆಳತಿ ಹೇಳಿದಳು. ಗುರುವಾರ ಮಧ್ಯಾಹ್ನ ನನ್ನನ್ನು ಕರೆಸಿ ಕೂರಿಸಿದರು.

"ಏನಮ್ಮ, ನನ್ನ ಮೇಲೆ ಏನಾದ್ರೂ ಬೇಜಾರಿದೆಯಾ?"

"ಇಲ್ಲ ಸಾರ್, ಯಾಕೆ?"

"ಇದ್ರೆ ನೇರವಾಗಿ ಹೇಳ್ಬಿಡಿ. ನಾನೇನೂ ತಿಳ್ಕೊಳ್ಳಲ್ಲ. ಆ ಮೇಜಿನ ಕೆಳಗೆ ಇಟ್ಟಿರೋದು ಯಾಕೆ?"

ಆಗ ಅರ್ಥವಾಯಿತು. ಲೆನ್ಸು, ಬೆಟ್ಟ, ಗಂಡ, ತಕ್ಕಡಿ, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಹೇಳುತ್ತಾ ಹೇಳುತ್ತಾ ನನಗೇ ಅದು ಸುಳ್ಳೆನ್ನಿಸಲು ಶುರುವಾಯಿತು. ಕ್ಯಾಮೆರಾ ಒಯ್ಯುವುದಕ್ಕೆ ಕುಂಬಳಕಾಯಿ ಹೊತ್ತು ಅಭ್ಯಾಸ ಮಾಡುತ್ತೇನೆ ಎನ್ನುವುದಕ್ಕಿಂತ ಮಾಟ ಮಾಡಿಸುತ್ತಿದ್ದೇನೆ ಎಂದರೆ ಹೆಚ್ಚು ನಂಬುವ ಹಾಗಿತ್ತು.

"ಅಂದ್ರೆ ನೀವು ಬೆಟ್ಟಕ್ಕೆ ಹೋದ ಮೇಲೆ ಇದು ಇಲ್ಲಿಂದ ಹೋಗುತ್ತೆ?" ಎಂದು ಕೇಳಿದರು.

"ಹೌದು ಸಾರ್. ರಜೆ ಸಿಕ್ಕಿದ ಮೇಲೆ."

ಐದು ಜನರ ರಜೆಯ ಅರ್ಜಿಗಳು ಅವರ ಮೇಜಿನಲ್ಲಿ ಎರಡು ವಾರದಿಂದ ಬಿದ್ದಿದ್ದವು. ಒಂದೇ ಬಾರಿಗೆ ಐವರು ಹೋದರೆ ಶಾಖೆ ಹೇಗೆ ನಡೆಯಬೇಕು ಎಂದು ಸಹಿ ಹಾಕಿರಲಿಲ್ಲ. ಅವತ್ತು ನನ್ನ ಎದುರಿಗೇ ಐದಕ್ಕೂ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, "ಹೋಗ್ಬಿಟ್ಟು ಬನ್ನಿ. ಅದನ್ನ ಮಾತ್ರ ನಾಳೆಯಿಂದ ತರ್ಬೇಡಿ" ಅಂದರು. ಹೊರಗೆ ಬಂದು ಹೇಳಿದಾಗ ಗೆಳತಿ ಮೇಜಿನ ಕೆಳಗೆ ಬಗ್ಗಿ ಕಾಯಿಗೆ ಕೈ ಮುಗಿದಳು.

ಭಾನುವಾರ ಕೊನೆಯ ಪರೀಕ್ಷೆ. ತೆರಕಣಾಂಬಿ ಹತ್ತಿರ ಮೇಲೆ ವೆಂಕಟರಮಣನ ಗುಡಿ ಇರುವ ಒಂದು ಬೆಟ್ಟವಿದೆ. ಸ್ಕೂಟರನ್ನು ಕೆಳಗೆ ನಿಲ್ಲಿಸಿ ನಡೆದೇ ಹತ್ತುವುದೆಂದು ಗಂಡ ತೀರ್ಮಾನಿಸಿದ್ದರು. ನನ್ನ ಕೊರಳಲ್ಲಿ ಕುಂಬಳಕಾಯಿ, ಅವರ ಕೈಯಲ್ಲಿ ಒಂದು ನೀರಿನ ಬಾಟಲಿ. ಕಾಲು ಭಾಗ ಹತ್ತುವ ಹೊತ್ತಿಗೆ ಅವರು ಮೊದಲ ಸಲ ಕೂತರು. ಅರ್ಧಕ್ಕೆ ಬಂದಾಗ ಎರಡನೆಯ ಸಲ ಕೂತು ಅಂಗಿಯ ಗುಂಡಿ ಬಿಚ್ಚಿದರು. ಮಂಡಿಯಲ್ಲಿ ಇವರು ಮೂಟೆ ಎಣಿಸುತ್ತಾರೆಯೇ ಹೊರತು ಎತ್ತುವುದು ಬೇರೆಯವರು ಎಂಬುದು ನನಗೆ ಅಲ್ಲಿ ಹೊಳೆಯಿತು. ಅಲ್ಲಿಂದ ಮುಂದೆ ಬಾಟಲಿಯೂ ನನ್ನ ಕೈಗೆ ಬಂತು.

"ನಿಮ್ಗೆ ಒಂದು ಬದನೆಕಾಯಿಯಿಂದ ಶುರು ಮಾಡ್ಬೇಕಿತ್ತು" ಅಂದೆ.

"ಸುಮ್ನೆ ನಡಿಯಮ್ಮಿ" ಅಂದರು. ಅಷ್ಟು ಹೇಳಲೂ ಎರಡು ಉಸಿರು ಬೇಕಾಯಿತು.

ಮೇಲೆ ಹತ್ತಿ ನಿಂತಾಗ ನಾನು ಗೆದ್ದಿದ್ದೆ. ಭುಜ ವಾರದಲ್ಲಿ ಪಳಗಿತ್ತು, ಉಸಿರೂ ಸರಿಯಾಗಿತ್ತು. ಗುಡಿಯ ಮುಂದಿನ ಬಂಡೆಯ ಮೇಲೆ ಕೂತು ಸುಧಾರಿಸಿಕೊಂಡ ಗಂಡ ಸೋಲು ಒಪ್ಪುವ ಮೊದಲು ಆಕಾಶದ ಕಡೆ ನೋಡಿದರು. ಒಂದು ಗರುಡ ನಿಧಾನವಾಗಿ ಸುತ್ತು ಹಾಕುತ್ತಿತ್ತು.

"ಒತ್ಕಂಡ್ ಬಂದುದ್ದು ಸರಿ. ಈಗ ಅದ್ರ ಫೋಟೋ ತಗಿ ನೋಡನ."

"ಇದ್ರಲ್ಲಾ?"

"ಅದೇ ಲೆನ್ಸು ಅನ್ಕೊ. ಕಣ್ಣಿಗಿಟ್ಟು ಇಡ್ಕೊ. ಪಕ್ಸಿ ಕೂರಗಂಟ ಇಳಿಸ್ಬಾರ್ದು."

ಚೀಲದಿಂದ ಕಾಯಿ ತೆಗೆದು, ದಪ್ಪ ತುದಿಯನ್ನು ಕೆನ್ನೆಗಾನಿಸಿ, ಸಣ್ಣ ತುದಿಯನ್ನು ಗರುಡನ ಕಡೆ ಎತ್ತಿ ಹಿಡಿದೆ. ಮೊದಲ ಸುತ್ತು ಸುಲಭವಾಗಿತ್ತು. ಎರಡನೆಯ ಸುತ್ತಿನಲ್ಲಿ ಮೊಣಕೈ ನಡುಗಿತು. ಮೂರನೆಯ ಸುತ್ತಿಗೆ ಕಾಯಿ ಗರುಡನ ಕಡೆ, ಗುಡಿಯ ಗೋಪುರದ ಕಡೆ, ಮತ್ತೆ ಗಂಡನ ತಲೆಯ ಕಡೆ ಅಲ್ಲಾಡತೊಡಗಿತು. ಹೊರುವುದು ಬೇರೆ, ಎತ್ತಿ ಹಿಡಿಯುವುದು ಬೇರೆ ಎಂಬ ಸಂಗತಿ ಇಡೀ ವಾರ ನನಗಾಗಲಿ, ತೂಕದಲ್ಲೇ ಬದುಕುವ ಅವರಿಗಾಗಲಿ ಹೊಳೆದಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ ಮೆಲ್ಲಗೆ ಕೇಳಿದರು.

"ಹರಕೆಯಾ ತಾಯಿ?"

ಗುಡಿಯ ಅರ್ಚಕರು. ಬಿಸಿಲಿನಲ್ಲಿ ನಿಂತು, ಕಣ್ಣು ಕಿರಿದು ಮಾಡಿ, ಕೈ ನಡುಗಿಸುತ್ತಾ ಬೂದುಗುಂಬಳವನ್ನು ಸೂರ್ಯನ ಕಡೆ ಎತ್ತಿ ಹಿಡಿದ ಹೆಂಗಸನ್ನು ಅವರು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ ತಿಳಿಯದು. ನಾನು ಬಾಯಿ ತೆರೆಯುವ ಮೊದಲೇ ಗಂಡ ಎದ್ದು ನಿಂತು, "ಊಂ ಸ್ವಾಮಿ, ಅರಕೆ" ಅಂದುಬಿಟ್ಟರು. ಆಮೇಲೆ ಕೇಳಿದರೆ, ನಿಜ ಹೇಳುವಷ್ಟು ಉಸಿರು ಇರಲಿಲ್ಲ ಅಂದರು.

ಅವತ್ತು ಯಾವುದೋ ಕುಟುಂಬದವರು ಗುಡಿಯಲ್ಲಿ ಊಟ ಹಾಕಿಸುತ್ತಿದ್ದರು. ಅರ್ಚಕರು ನನ್ನ ಕೈಯಿಂದ ಕಾಯಿ ಇಸಿದುಕೊಂಡು, ಸಂತೋಷದಿಂದ ಅಡುಗೆಯವರ ಕಡೆ ಕಳಿಸಿದರು. ನಮ್ಮನ್ನು ಊಟ ಮಾಡದೆ ಇಳಿಯಕೂಡದೆಂದು ಕೂರಿಸಿದರು. ಒಂದು ಗಂಟೆಯ ಮೇಲೆ ಎಲೆಗೆ ಮಜ್ಜಿಗೆ ಹುಳಿ ಬಂತು. ಎರಡನೆಯ ಸಲ ಹಾಕಿಸಿಕೊಳ್ಳುತ್ತಾ ಗಂಡ, "ಲೆನ್ಸು ಚೆನ್ನಾಗದೆ" ಎಂದರು.

ಸೋಮವಾರ ಸಂಜೆ ಸ್ಟುಡಿಯೋಗೆ ಹೋಗಿ, ದೊಡ್ಡದನ್ನು ಎತ್ತಿ ಹಿಡಿಯಲಾಗದು, ಚಿಕ್ಕದು ಸಾಕು ಅಂದೆ. ಮಗಳನ್ನು ನೋಡಿ ಹೋದ ಗಂಡಿನ ಕಡೆಯವರು ಬೇಡ ಎಂದರೆ ಹೇಗೋ ಹಾಗೆ ಅವರ ಮುಖ ಇಳಿಯಿತು.

"ಎತ್ತಿ ಹಿಡಿಯಕ್ ಆಗ್ದಿದ್ರೆ ಸ್ಟ್ಯಾಂಡ್ ಕೊಡ್ತೀನಿ ಮೇಡಂ."

"ಅದೆಷ್ಟು ತೂಕ?"

"ಅದೊಂದ್ ಎಲ್ಡ್ ಕೇಜಿ."

ಇನ್ನೊಂದು ಕುಂಬಳಕಾಯಿ ಕಣ್ಣ ಮುಂದೆ ಬಂತು. ಬೇಡವೇ ಬೇಡ ಅಂದೆ.

"ದೂರ್ದಲ್ಲಿ ಹುಲಿಗಿಲಿ ಕಾಣ್ಸುದ್ರೆ ಏನ್ ಮಾಡೀರಿ?"

"ಓಡ್ತೀನಿ. ಅದಕ್ಕೂ ಚಿಕ್ಕದೇ ಒಳ್ಳೇದು."

ದೊಡ್ಡದನ್ನು ಒರೆಸಿ ಪೆಟ್ಟಿಗೆಗೆ ಹಾಕುವಾಗ ಅವರು ನನ್ನ ಕಡೆ ನೋಡಲಿಲ್ಲ. ಎಪ್ಪತ್ತು-ಮುನ್ನೂರರದನ್ನು ಒಂದು ಕೈಯಲ್ಲೇ ಎತ್ತಿ ಕೊಟ್ಟರು.

ಕೊಡಗಿಗೆ ಹೋದೆವು. ಹೋಂಸ್ಟೇಯಲ್ಲಿ ಬೆಳಿಗ್ಗೆ ಹೊರಡುವಾಗ ನಾನೊಂದು ಜಾಣತನ ಮಾಡಿದೆ. ತೂಕದ ಬಗ್ಗೆ ಇಷ್ಟೆಲ್ಲ ಕಲಿತವಳು, ಜೂಮ್ ಇರುವಾಗ ಕ್ಯಾಮೆರಾದ ಜೊತೆ ಬಂದಿದ್ದ ಹಳೆಯ ಚಿಕ್ಕ ಲೆನ್ಸನ್ನು ಯಾಕೆ ಹೊರಬೇಕೆಂದು ಅದನ್ನು ಕೋಣೆಯಲ್ಲೇ ಬಿಟ್ಟೆ. ಕಾಡು ದಾಟಿ ಹುಲ್ಲಿನ ಬೋರೆಗೆ ಬರುವವರೆಗೂ ಅದರ ಫಲ ತಿಳಿಯಲಿಲ್ಲ. ಅಲ್ಲಿ ಮಂಜು ಕವಿದುಕೊಂಡಿತು. ಹತ್ತು ಹೆಜ್ಜೆಯಾಚೆ ಏನೂ ಇಲ್ಲ. ದೂರದ್ದನ್ನು ಹತ್ತಿರ ತರುವ ಲೆನ್ಸು ನನ್ನ ಕೈಯಲ್ಲಿತ್ತು, ದೂರ ಎಂಬುದೇ ಇರಲಿಲ್ಲ.

ಗೆಳತಿ ಈ ನಡಿಗೆಗೆಂದೇ ಕಡು ಕಿತ್ತಳೆ ಬಣ್ಣದ ಶೂ ಕೊಂಡಿದ್ದಳು. ಐವರೂ ನಿಂತಿರುವ, ಶೂ ಕಾಣುವ ಒಂದು ಫೋಟೋ ಬೇಕೆಂದಳು. ಟೈಮರ್ ಇಟ್ಟರಾಯಿತು, ನೀನೂ ಓಡಿ ಬಾ ಎಂದಳು. ಕ್ಯಾಮೆರಾದಲ್ಲಿ ನೋಡಿದರೆ ಅವಳ ಮೂಗು ಮತ್ತು ಒಂದು ಕೆನ್ನೆ. ಹಿಂದೆ ಸರಿದೆ, ಎರಡು ಮುಖಗಳಾದವು. ಇನ್ನೂ ಹಿಂದೆ ಸರಿದೆ. ನಾಲ್ವರೂ ಚೌಕಟ್ಟಿನೊಳಗೆ ಬರುವಷ್ಟು ದೂರ ಹೋದಾಗ ನಾಲ್ವರೂ ಮಂಜಿನಲ್ಲಿ ಮಾಯವಾಗಿದ್ದರು.

"ತಗದ್ಯಾ?" ಎಂದು ಬಿಳುಪಿನೊಳಗಿಂದ ಧ್ವನಿ ಬಂತು.

"ನೀವು ಕಾಣ್ತಾ ಇಲ್ಲ."

"ಹತ್ರ ಬಾ ಮತ್ತೆ."

"ಹತ್ರ ಬಂದ್ರೆ ಬರೀ ಮೂಗು ಬತ್ತದೆ ಕಣೆ."

ಅರ್ಧ ಗಂಟೆ ಹೀಗೆ ನಡೆಯಿತು. ಕೊನೆಗೆ ಅವಳ ಮುಖ ಒಂದರಲ್ಲಿ, ಶೂ ಒಂದರಲ್ಲಿ ತೆಗೆದುಕೊಟ್ಟೆ. ಶೂ ಬಹಳ ಚೆನ್ನಾಗಿ ಬಂದಿತ್ತು, ದಾರದ ಎಳೆ ಎಣಿಸಬಹುದಿತ್ತು. ತುದಿ ತಲುಪಿದಾಗಲೂ ಮಂಜು ಹಾಗೇ ಇತ್ತು. ಕಲ್ಲಿನ ಮೇಲೆ ಕೂತು ಪುಳಿಯೋಗರೆ ತಿಂದು ಇಳಿಯತೊಡಗಿದೆವು.

ಸಾಕಷ್ಟು ಇಳಿದು ಒಂದು ತಿರುವಿನಲ್ಲಿ ದಣಿವಾರಿಸಿಕೊಳ್ಳುತ್ತಿದ್ದಾಗ ಗಾಳಿ ಬಂತು. ಯಾರೋ ಪರದೆ ಎಳೆದ ಹಾಗೆ ಮಂಜು ಸರಿದು, ನಾವು ಬಿಟ್ಟುಬಂದ ತುದಿ ಬಿಸಿಲಿನಲ್ಲಿ ಹಸಿರಾಗಿ ಎದ್ದು ನಿಂತಿತು. ನಾವು ಅಷ್ಟು ಎತ್ತರದಲ್ಲಿದ್ದೆವೆಂದು ಆಗಲೇ ಗೊತ್ತಾದದ್ದು. ನಾನು ಕ್ಯಾಮೆರಾ ಕಣ್ಣಿಗೇರಿಸಿ ಮುನ್ನೂರರವರೆಗೂ ತಿರುಗಿಸಿದೆ. ಕೈ ನಡುಗಲಿಲ್ಲ. ತುದಿಯ ಮೇಲೆ ನಮ್ಮ ಹಿಂದೆ ಹತ್ತಿ ಬಂದಿದ್ದ ಬೇರೆ ಗುಂಪಿನ ನಾಲ್ಕೈದು ಜನ ನಿಂತಿದ್ದರು. ಅವರಲ್ಲೊಬ್ಬ ಉದ್ದನೆಯ ದೊಡ್ಡ ಲೆನ್ಸು ಹಿಡಿದು ನೇರವಾಗಿ ನನ್ನನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತು ಹಾಗೇ ಒಬ್ಬರನ್ನೊಬ್ಬರು ನೋಡಿದೆವು. ಅವನ ಕೈ ಸೋತಿರಬೇಕು, ಕ್ಯಾಮೆರಾ ಇಳಿಸಿದ. ಆಮೇಲೆ ಕೈ ಎತ್ತಿ ಬೀಸಿದ.

ನಾನೂ ಬೀಸಿದೆ.

"ಯಾರೆ ಅದು, ಗುರ್ತದವ್ರಾ?" ಗೆಳತಿ ಕೇಳಿದಳು.

"ಗೊತ್ತಿಲ್ಲ."

ಗೊತ್ತಿಲ್ಲದಿದ್ದರೂ ಅವಳೂ ಕೈ ಬೀಸಿದಳು, ಉಳಿದ ಮೂವರೂ ಬೀಸಿದರು. ಮೇಲಿದ್ದವರೆಲ್ಲ ಬೀಸತೊಡಗಿದರು. ಮತ್ತೆ ಮಂಜು ಮುಚ್ಚುವವರೆಗೂ ಎರಡೂ ಕಡೆಯವರು ಹಾಗೇ ನಿಂತಿದ್ದೆವು. ಬೆಟ್ಟದ ತುದಿಯ ಫೋಟೋ ತೆಗೆಯಲು ಮರೆತದ್ದು ನನಗೆ ನೆನಪಾದದ್ದು ಜೀಪಿನಲ್ಲಿ ಕೂತ ಮೇಲೆ.